ಚುಕ್ಕಿ ಬಿದ್ದದ್ದು ಗೋಡೆಗೆ, ಕತ್ತಿಗಲ್ಲ

ನಮ್ಮ ಠಾಕುರ್ಲಿ ನಿಲ್ದಾಣದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಹಾಗಾಗಿ ಮುಂಬಯಿಯಿಂದ ಬರುವ ನಮ್ಮವರು ಸ್ಲೋ ಗಾಡಿಯಲ್ಲಿ ಕೂತು, ಘಾಟ್‌ಕೋಪರ್ ದಾಟುವಷ್ಟರಲ್ಲಿ ಗೋಣು ಎದೆಗೆ ಚೆಲ್ಲಿ ತೂಕಡಿಸುತ್ತಾರೆ. ಇಳಿಯುವಾಗ ಕತ್ತು ಹಿಡಿದಿರುತ್ತದೆ. ಫಿಸಿಯೋಥೆರಪಿಗೆ ಹೋದವರಲ್ಲಿ ಕೆಲವರು ಮನೆಗೆ ಬಂದು, "ಕತ್ತಿಗೆ ಲೇಸರ್ ಕೊಟ್ಟರು, ಇನ್ನು ವಾಸಿ" ಎನ್ನುತ್ತಾರೆ.

ನೋವಿಗೆ ಕೊಡುವ ಲೇಸರ್ ಬೇರೆ. ಇವರಿಗೆ ಮಾಡಿದ್ದು ಬರೀ ಪರೀಕ್ಷೆ. ಹಣೆಯ ಪಟ್ಟಿಗೆ ಪುಟ್ಟ ಲೇಸರ್ ಸಿಕ್ಕಿಸಿ, ಗೋಡೆಯಿಂದ 90 ಸೆಂ.ಮೀ. ದೂರ ಕೂರಿಸುತ್ತಾರೆ. ಗೋಡೆಯ ಹಾಳೆಯಲ್ಲಿ ವೃತ್ತದೊಳಗೆ ವೃತ್ತ. ಕೆಂಪು ಚುಕ್ಕಿ ನಟ್ಟನಡುವೆ. ಕಣ್ಣು ಮುಚ್ಚಿ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಮೊದಲಿದ್ದ ಜಾಗಕ್ಕೇ ತರಬೇಕು. ತಂದಾಯಿತು ಅನ್ನಿಸಿದಾಗ ಚುಕ್ಕಿ ಎಲ್ಲಿದೆಯೋ ಅಲ್ಲಿ ಗುರುತು. ಎಡಕ್ಕೂ ಹಾಗೆಯೇ, ಹಲವು ಸಲ.

ಕತ್ತು ಎಷ್ಟು ತಿರುಗುತ್ತದೆ ಎಂದು ಇದು ಅಳೆಯುತ್ತದೆ ಅನ್ನುವುದೂ ತಪ್ಪು. ತಿರುಗುವ ಕೋನ ಅಳೆಯಲು ಬೇರೆ ಮಾಪಕವಿದೆ. ಲೇಸರ್ ನೋಡುವುದು ಮರಳಿ ಬರುವ ನಿಖರತೆಯನ್ನು. ಕರೆಂಟು ಹೋದಾಗಲೂ ತುತ್ತು ಬಾಯಿಗೇ ಹೋಗುತ್ತದಲ್ಲ, ಅಂಥದೇ ಅರಿವು ತಲೆಗೂ ಇದೆ. ತಲೆಬುರುಡೆಯ ಬುಡದ ಚಿಕ್ಕ ಸ್ನಾಯುಗಳಲ್ಲಿ ತಲೆ ಎಲ್ಲಿದೆ ಎಂಬ ಸುದ್ದಿ ಮುಟ್ಟಿಸುವ ಸಂವೇದಕಗಳು ದಟ್ಟವಾಗಿವೆ.

ಫ್ರಾನ್ಸಿನ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದರು. ಸರಾಸರಿ ತಪ್ಪು 4.5 ಡಿಗ್ರಿ ದಾಟಿದರೆ ಅರಿವು ಮಂಕಾಗಿರಬಹುದು ಎಂಬ ಲೆಕ್ಕ ಅಲ್ಲಿಂದ ಬಂದದ್ದು. 90 ಸೆಂ.ಮೀ. ದೂರದಲ್ಲಿ ಅದು ಸುಮಾರು 7 ಸೆಂ.ಮೀ. ಮಗನ ಲೇಸರ್ ಪಾಯಿಂಟರನ್ನು ಟೋಪಿಗೆ ಅಂಟಿಸಿ ಮನೆಯಲ್ಲೇ ನೋಡುವವರು ಎಡವುವುದು ಇಲ್ಲೇ: 60 ಸೆಂ.ಮೀ.ಗೆ ಕೂತರೆ ಅದೇ ತಪ್ಪು 5 ಸೆಂ.ಮೀ.ಗಿಂತಲೂ ಕಡಿಮೆ ಕಾಣುತ್ತದೆ. ಕುರ್ಚಿ ಸರಿದರೆ ಲೆಕ್ಕವೂ ಸರಿಯಿತು.

ಚುಕ್ಕಿ ಆಚೆ ಬಿತ್ತು ಅಂದರೆ ನರ ಒತ್ತಿದೆ, ಸ್ಪಾಂಡಿಲೈಟಿಸ್ ಬಂದಿದೆ ಎಂದು ಕೊರಗುವುದೂ ಬೇಡ. ಡಿಸ್ಕು, ನರ ಇದರಲ್ಲಿ ಕಾಣುವುದಿಲ್ಲ. ನೋವಿಲ್ಲದವರೂ ಗುರಿ ತಪ್ಪುತ್ತಾರೆ, ನೋವಿದ್ದೂ ಕೆಲವರು ನಡುವೆಯೇ ತರುತ್ತಾರೆ. ತಪ್ಪಿದವರಿಗೆ ಅದೇ ಲೇಸರ್ ವ್ಯಾಯಾಮದ ಸಾಧನವೂ ಆಗುತ್ತದೆ: ಚುಕ್ಕಿಯಿಂದ ಗೋಡೆಯ ಗೆರೆ ತಿದ್ದುವುದು, ಕಣ್ಣು ಮುಚ್ಚಿ ಮರಳುವುದು.

ಕ್ಷೌರದಂಗಡಿಯಲ್ಲಿ ಕತ್ತು ಲಟಕ್ ಅನ್ನಿಸಿದರೆ ಸರಿಹೋಗುತ್ತದೆಂಬ ನಂಬಿಕೆಯನ್ನಂತೂ ಬಿಡಲೇಬೇಕು. ಆ ಒಂದು ಹಿಡಿತಕ್ಕೆ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪ, ಆದರೆ ಆಗಿದೆ.

ದಿಢೀರ್ ಕತ್ತುನೋವಿನ ಜೊತೆ ತಲೆಸುತ್ತು, ತೊದಲು, ಕೈಕಾಲಿನ ನಿಶ್ಶಕ್ತಿ ಕಂಡರೆ ಲೇಸರೂ ಬೇಡ, ಫಿಸಿಯೋಥೆರಪಿಯೂ ಬೇಡ. ನೇರ ಆಸ್ಪತ್ರೆಗೆ ಹೋಗಿ.