ಮತ್ತೆ ಕಂಡ ‘ನಾಗರಹಾವು’

ಹೋದ ಚಳಿಗಾಲದಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಬಗ್ಗಬೇಡಿ, ಭಾರ ಎತ್ತಬೇಡಿ, ಕಣ್ಣುಜ್ಜಬೇಡಿ, ಹೊತ್ತುಹೊತ್ತಿಗೆ ಹನಿ ಹಾಕಿಕೊಳ್ಳಿ ಎಂದು ಹೇಳಿ ವೈದ್ಯರು ಮನೆಗೆ ಕಳುಹಿಸಿದರು. ಮೂವತ್ತೈದು ವರ್ಷ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಜೋತಾಡಿದವನಿಗೆ ಸುಮ್ಮನೆ ಕುಳಿತಿರುವುದೇ ಒಂದು ಕಾಯಿಲೆ. ಹೊತ್ತು ಕಳೆಯಲು ಎರಡು ಸಾಧನಗಳಿದ್ದುವು: ಸ್ನೇಹಿತರೊಬ್ಬರು ಊರಿನಿಂದ ತಂದುಕೊಟ್ಟ ದಪ್ಪನೆಯ ಕಾದಂಬರಿ, ಮತ್ತು ಮಗಳು ಟಿ.ವಿ.ಯಲ್ಲಿ ಹುಡುಕಿ ಹಾಕಿಕೊಟ್ಟ ‘ನಾಗರಹಾವು’.

ಆ ಚಿತ್ರ ಬೆಂಗಳೂರಿನಲ್ಲಿ ತೆರೆಕಂಡದ್ದು 1972ರ ಕೊನೆಯಲ್ಲಿ. ದಾವಣಗೆರೆಯ ಬಳಿಯ ನಮ್ಮ ಹಳ್ಳಿಯ ಟೆಂಟಿಗೆ ಅದು ಬರುವ ವೇಳೆಗೆ 1974 ಆಗಿತ್ತು; ನನಗಾಗ ಹನ್ನೊಂದು ವರ್ಷ. ನೆಲದ ಟಿಕೆಟ್ಟಿನವರು ನಾವು. ಮುಂದಿನವನ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ರೀಲು ಬದಲಿಸಲು ದೀಪ ಹಾಕಿದಾಗಲೆಲ್ಲ ಕಡಲೆಕಾಯಿಯವನ ಕೂಗು. ಮೂರು ದಿನದಲ್ಲಿ ಮೂರು ಸಲ ನೋಡಿದೆ. ಹೊಸ ನಟ ವಿಷ್ಣುವರ್ಧನ್ ರಾಮಾಚಾರಿಯಾಗಿ ಹೆಡೆಯೆತ್ತಿ ನಿಂತರೆ ಇಡೀ ಟೆಂಟು ಶಿಳ್ಳೆ ಹಾಕುತ್ತಿತ್ತು. ಜಯಂತಿಯವರ ಓಬವ್ವ ಒನಕೆ ಎತ್ತಿದಾಗ ಹೆಂಗಸರ ಕಡೆಯಿಂದ ಬಂದ ಸದ್ದು ಈಗಲೂ ಕಿವಿಯಲ್ಲಿದೆ. ಅದು ಮೂಲತಃ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಹೆಣೆದ ಕಥೆಯೆಂಬುದಾಗಲಿ, ಪುಟ್ಟಣ್ಣ ಕಣಗಾಲರೇ ಅದನ್ನು 1974ರಲ್ಲಿ ರಿಷಿ ಕಪೂರರನ್ನಿಟ್ಟುಕೊಂಡು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ತಂದರೆಂಬುದಾಗಲಿ ನನಗೆ ತಿಳಿದದ್ದು ಈ ಊರಿಗೆ ಬಂದ ಮೇಲೆ. ಇಲ್ಲಿನ ಗೆಳೆಯರಿಗೆ ಹಿಂದಿಯದು ರುಚಿಸಲಿಲ್ಲ ಎಂದು ಕೇಳಿ ಒಳಗೊಳಗೇ ಹಿಗ್ಗಿದ್ದೂ ಉಂಟು.

ಪೊರೆ ತೆಗೆದ ಕಣ್ಣಿಗೆ ಬಣ್ಣಗಳು, ಅದರಲ್ಲೂ ನೀಲಿ, ಬೆರಗಾಗುವಷ್ಟು ನಿಚ್ಚಳವಾಗಿ ಕಾಣುತ್ತವೆ. ಮೊದಲ ಅರ್ಧ ಗಂಟೆ ದುರ್ಗದ ಬಂಡೆಗಳ ಮೇಲಿನ ಆಕಾಶವನ್ನೇ ನೋಡುತ್ತ ಕುಳಿತಿದ್ದೆ. ಆಮೇಲೆ ನನ್ನ ಗಮನ ರಾಮಾಚಾರಿಯನ್ನು ಬಿಟ್ಟು ಬೇರೊಬ್ಬರ ಮೇಲೆ ನೆಟ್ಟುಬಿಟ್ಟಿತು. ಚಾಮಯ್ಯ ಮೇಷ್ಟರು, ಅಂದರೆ ಕೆ.ಎಸ್. ಅಶ್ವಥ್. ಬಾಲ್ಯದಲ್ಲಿ ಅವರು ನನಗೆ ಕೇವಲ ಒಳ್ಳೆಯ ಮುದುಕರು. ಅವರ ದೃಶ್ಯ ಬಂದರೆ ಬೇಗ ಮುಗಿಯಲಿ ಎನಿಸುತ್ತಿತ್ತು. ಊರೆಲ್ಲ ಹಳಿಯುವ ಹುಡುಗನನ್ನು ಮಗನಂತೆ ಕಂಡವರು ಅವರೊಬ್ಬರೇ. ಆ ಪ್ರೀತಿಯ ಹಕ್ಕಿನಿಂದಲೇ ಅಲಮೇಲುವನ್ನು ಮರೆತುಬಿಡು ಎನ್ನುತ್ತಾರೆ. ಯಾರ ಮಾತಿಗೂ ಬಗ್ಗದವನು ಗುರುವಿನ ಮಾತಿಗೆ ಬಗ್ಗುತ್ತಾನೆ. ಆಕೆಯ ಬಾಳು ಏನಾಯಿತೆಂಬುದು ಅವನಿಗೆ ಗೊತ್ತಾಗುವುದು ತೀರ ತಡವಾಗಿ, ದೊಡ್ಡ ಹೋಟೆಲೊಂದರಲ್ಲಿ, ಅವಳು ಮೈ ಮಾರುವ ಹೆಣ್ಣಾಗಿ ಎದುರಾದಾಗ. ಮೇಷ್ಟರು ಕೆಟ್ಟವರಲ್ಲ, ಗದರಿಸಿದವರೂ ಅಲ್ಲ. ಪುಟ್ಟಣ್ಣನವರು ಅವರನ್ನು ಖಳನನ್ನಾಗಿ ಮಾಡಿದ್ದರೆ ನಾನು ನೆಮ್ಮದಿಯಾಗಿ ಚಿತ್ರ ನೋಡಿ ಮುಗಿಸುತ್ತಿದ್ದೆ.

ನಾನು ಟಿ.ವಿ. ಆರಿಸಿದೆ.

ಹನ್ನೆರಡು ವರ್ಷಗಳ ಹಿಂದೆ ನನ್ನ ಮಗಳು ತನ್ನ ಆಫೀಸಿನ ಹುಡುಗನೊಬ್ಬನನ್ನು ಮನೆಗೆ ಕರೆತಂದಿದ್ದಳು. ಮರಾಠಿಯವನು, ಬೇರೆ ಜಾತಿ; ಊಟಕ್ಕೆ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡ. ಅವನು ಹೋದ ಮೇಲೆ ನಾನು ಕೂಗಾಡಲಿಲ್ಲ. “ನಿನ್ನ ಇಷ್ಟ ಮಗಳೇ, ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ” ಎಂದಷ್ಟೇ ಅಂದೆ. ಕೂಗಾಡಿದ್ದರೆ ಅವಳು ಎದುರಾಡುತ್ತಿದ್ದಳೋ ಏನೋ. ಮರು ವರ್ಷ ನಾವು ನೋಡಿದ ವರನನ್ನು ಮದುವೆಯಾದಳು. ಮೂರು ವರ್ಷಕ್ಕೆ ಎರಡು ಪೆಟ್ಟಿಗೆಗಳೊಂದಿಗೆ ಹಿಂದಿರುಗಿದಳು. ಈ ಬಗ್ಗೆ ಒಂದು ದಿನವಾದರೂ ನನ್ನನ್ನು ಆಡಿದವಳಲ್ಲ.

ಮನಸ್ಸನ್ನು ಬೇರೆಡೆಗೆ ಹೊರಳಿಸಲು ಕಾದಂಬರಿ ಕೈಗೆತ್ತಿಕೊಂಡೆ. ಅದರಲ್ಲೂ ಒಬ್ಬ ತಂದೆ, ಒಬ್ಬಳು ಮಗಳು. ತಂದೆ ಹೇಳಿದ್ದೆಲ್ಲ ಸರಿ. ಮಗಳು ಅತ್ತು, ತಿಳಿದುಕೊಂಡು, ಕಾಲಿಗೆರಗುತ್ತಾಳೆ. ಎರಗುವ ಮೊದಲು ಒಂದು ಪುಟದಷ್ಟು ಭಾಷಣವನ್ನೂ ಮಾಡುತ್ತಾಳೆ. ಆರು ತಿಂಗಳ ಹಿಂದೆ ಓದಿದ್ದರೆ ಮೆಚ್ಚಿ ನಾಲ್ವರಿಗೆ ಹೇಳುತ್ತಿದ್ದೆನೇನೋ. ಕೊಂಡ ಪುಸ್ತಕವನ್ನಾಗಲಿ ಕೊಟ್ಟ ಪುಸ್ತಕವನ್ನಾಗಲಿ ಅರ್ಧಕ್ಕೆ ಬಿಡಬಾರದೆಂಬುದು ನಮ್ಮ ತಂದೆಯವರು ಹಾಕಿಕೊಟ್ಟ ನಿಯಮ. ಅನ್ನ ಚೆಲ್ಲಿದಷ್ಟೇ ಪಾಪವೆನ್ನುತ್ತಿದ್ದರು. 146ನೆಯ ಪುಟದಲ್ಲಿ ಆ ನಿಯಮ ಮುರಿದೆ. ಲೇಖಕರು ಆ ತಂದೆಗೆ ಒಂದು ರಾತ್ರಿಯಾದರೂ ನಿದ್ದೆ ಕೆಡಿಸಬಾರದಿತ್ತೇ?

ಸಂಜೆ ಕಣ್ಣಿಗೆ ಹನಿ ಹಾಕಲು ಮಗಳು ಬಂದಳು. ನನ್ನ ತಲೆಯನ್ನು ಹಿಂದಕ್ಕೆ ವಾಲಿಸಿ, ರೆಪ್ಪೆಯನ್ನು ಹಗುರವಾಗಿ ಎಳೆದು ಹಿಡಿದು, “ಸಿನಿಮಾ ಪೂರ್ತಿ ನೋಡಿದಿರಾ ಅಪ್ಪಾ?” ಎಂದಳು.

“ಇಲ್ಲ. ಮೇಷ್ಟರು ಆ ಮಾತು ಹೇಳುವಲ್ಲಿಗೆ ನಿಲ್ಲಿಸಿದೆ.”

ಅವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಹನಿ ಬಿತ್ತು; ಉರಿಯಿತು.

“ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಿ,” ಎಂದಳು. “ಉಳಿದದ್ದನ್ನು ಊಟವಾದ ಮೇಲೆ ಇಬ್ಬರೂ ನೋಡೋಣ.”

ನೋಡಿದೆವು. ಮೇಷ್ಟರು ಬೆಟ್ಟದಿಂದ ಬೀಳುವವರೆಗೂ, ರಾಮಾಚಾರಿ ಮಾರ್ಗರೇಟಳೊಡನೆ ಹಾರುವವರೆಗೂ ಅವಳು ಅಲುಗಲಿಲ್ಲ. ಕಾದಂಬರಿ ಇನ್ನೂ ಸ್ಟೂಲಿನ ಮೇಲೆಯೇ ಇದೆ, ಔಷಧದ ಚೀಟಿ 146ರಲ್ಲಿ. ರದ್ದಿಯವನು ಬಂದಾಗ ಸ್ನೇಹಿತರ ಮುಖ ನೆನಪಾಗಿ ಕೊಡಲು ಸಂಕೋಚ.