ನಿಂತ ಲಾರಿಯ ಸುತ್ತ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ, ಹೊತ್ತು ಮುಳುಗುವ ವೇಳೆಗೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಕಪ್ಪಗಾಗುತ್ತವೆ. ಕೆಳಗೆ ರಾಷ್ಟ್ರೀಯ ಹೆದ್ದಾರಿ 48ರ ತುಂಬ ದೀಪಗಳು ಹರಿಯತೊಡಗುತ್ತವೆ. ಹಳೆಯ ಡ್ರೈವರುಗಳ ಬಾಯಲ್ಲಿ ಇದು ಈಗಲೂ ‘ಎನ್‌ಎಚ್ ಫೋರ್’, ಇಲ್ಲವೇ ‘ಪೂನಾ ರೋಡು’. ಕೋಲಾರದ ಟೊಮೆಟೊ ಈ ದಾರಿಯಲ್ಲೇ ಪುಣೆ ಸೇರುತ್ತದೆ, ನಾಸಿಕದ ಈರುಳ್ಳಿ ಈ ದಾರಿಯಲ್ಲೇ ಬೆಂಗಳೂರಿಗೆ ಇಳಿಯುತ್ತದೆ. ಹಿರಿಯೂರಿನಲ್ಲಿ ಬಳ್ಳಾರಿ ಕಡೆಯ ರಸ್ತೆ, ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆಯ ರಸ್ತೆ ಬಂದು ಕೂಡಿಕೊಳ್ಳುತ್ತವೆ. ಮುಂದೆ ದಾವಣಗೆರೆ, ರಾಣೆಬೆನ್ನೂರು, ಹಾವೇರಿ. ಇರುಳಿಡೀ ಓಡುವ ಈ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಾಡಿ ಎಡಕ್ಕೆ ಸರಿದು, ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ನಿಂತುಬಿಡುತ್ತದೆ. ಅದರ ಸುತ್ತ ಬೇರೆಯದೇ ಒಂದು ಲೋಕ ಎದ್ದೇಳುತ್ತದೆ.

ಆ ಲೋಕದ ಮೊದಲ ಗುರುತು, ಕಂಬಕ್ಕೆ ನೇತುಹಾಕಿದ ಹಳೆಯ ಟೈರು. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಪಂಕ್ಚರ್’ ಎಂದು ಬರೆದಿರುತ್ತದೆ, ನಡುವೆ ಒಂದು ಬಲ್ಬು. ತಗಡಿನ ಶೆಡ್ಡಿನಲ್ಲಿ ಕಂಪ್ರೆಸರ್, ನೀರಿನ ತೊಟ್ಟಿ, ಹೈಡ್ರಾಲಿಕ್ ಜಾಕಿ, ಒಂದು ಹಗ್ಗದ ಮಂಚ. ಮಂಚದ ಮೇಲೆ ಮಲಗಿದವನು ಅರೆನಿದ್ದೆಯಲ್ಲೂ ಏರ್ ಹಾರ್ನ್ ಕೇಳಿದರೆ ಎದ್ದು ಕೂರುತ್ತಾನೆ. ಇಂಥ ಅಂಗಡಿ ಇಟ್ಟವರಲ್ಲಿ ಕೇರಳದಿಂದ ಬಂದು ಇಲ್ಲೇ ನೆಲೆ ನಿಂತವರೂ ಬಹಳ. ನಾಮಕ್ಕಲ್‌ನ ಡ್ರೈವರಿಗೆ ತಮಿಳು, ರಾಜಸ್ಥಾನದವನಿಗೆ ಹಿಂದಿ, ಸಿರಾದವನಿಗೆ ಕನ್ನಡ, ಮೂರೂ ಅವರ ನಾಲಗೆಯ ತುದಿಯಲ್ಲೇ ಇರುತ್ತವೆ.

ಲೋಡಾದ ಹತ್ತು ಚಕ್ರದ ಗಾಡಿ ಎಂದರೆ ಸುಮಾರು 28 ಟನ್. ಹಿಂದಿನ ಜೋಡಿ ಚಕ್ರದಲ್ಲಿ ಒಂದರ ಗಾಳಿ ಹೋದರೆ ಇನ್ನೊಂದು ಎರಡರ ಭಾರ ಹೊತ್ತು ಓಡುತ್ತದೆ, ಕಾಯುತ್ತದೆ, ಕೊನೆಗೆ ಅದೂ ಸಿಡಿಯುತ್ತದೆ. ಅದಕ್ಕೇ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಕ್ಲೀನರ್ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತ ಸುತ್ತು ಹಾಕುತ್ತಾನೆ. ಗಾಳಿ ತುಂಬಿದ್ದರೆ ರಾಡು ಪುಟಿಯುತ್ತದೆ; ಇಳಿದಿದ್ದರೆ ‘ದಪ್’ ಎಂದು ಅಲ್ಲೇ ಕೂರುತ್ತದೆ. ಪಂಕ್ಚರ್ ಹಾಕುವ ಕೆಲಸ ಸಣ್ಣದೆಂದು ಯಾರೂ ಎಣಿಸಬಾರದು. ಟ್ಯೂಬ್ ಟೈರಿನ ರಿಮ್ಮಿಗೆ ಉಕ್ಕಿನ ಲಾಕ್ ರಿಂಗ್ ಇರುತ್ತದೆ. ಗಾಳಿ ಏರುವಾಗ ಅದು ಸರಿಯಾಗಿ ಕೂತಿಲ್ಲದಿದ್ದರೆ ಚಿಮ್ಮಿ ಎದುರಿಗಿದ್ದವರ ಪ್ರಾಣವನ್ನೇ ತೆಗೆಯುತ್ತದೆ. ತಿಳಿದವನು ರಿಂಗಿಗೆ ಸರಪಳಿ ಸುತ್ತಿ, ಪಕ್ಕಕ್ಕೆ ಸರಿದು ನಿಂತು ಗಾಳಿ ತುಂಬಿಸುತ್ತಾನೆ. ಈ ಎಚ್ಚರಿಕೆಯನ್ನು ಹೇಳಿಕೊಟ್ಟ ಶಾಲೆ ಯಾವುದೂ ಇಲ್ಲ. ಗುರುವಿನಿಂದ ಹುಡುಗನಿಗೆ ಅದು ನೋಡಿ ನೋಡಿಯೇ ಬಂದದ್ದು.

ಟೈರಿಗೆ ಸಂಬಂಧಿಸದ ತೊಂದರೆಯಾದರೆ ಮೆಕ್ಯಾನಿಕ್ಕಿಗೆ ಫೋನು ಹೋಗುತ್ತದೆ. ಧಾಬಾದ ಗೋಡೆಯ ಮೇಲೆ, ಮೈಲಿಗಲ್ಲಿನ ಬೆನ್ನಿನ ಮೇಲೆ ಪೇಂಟಿನಲ್ಲಿ ಬರೆದ ನಂಬರುಗಳೇ ಡ್ರೈವರಿಗೆ ಡೈರೆಕ್ಟರಿ. ಅರ್ಧ ಗಂಟೆಯಲ್ಲಿ ಬೈಕೊಂದು ಬಂದು ನಿಲ್ಲುತ್ತದೆ. ಹಿಂದೆ ಕೂತ ಹುಡುಗನ ಮಡಿಲಲ್ಲಿ ಪಾನಾಗಳ ಚೀಲ.

“ಏರ್ ಇದೆಯೇನಣ್ಣ?”

“ಪೂರ್ತಿ ಇಳಿದೋಯ್ತು ಮೇಸ್ತ್ರಿ. ಗಾಡಿ ಅಲುಗಾಡ್ತಿಲ್ಲ.”

“ಲೋಡ್ ಏನು?”

“ಈರುಳ್ಳಿ. ಬೆಳಕು ಹರಿಯೋದ್ರೊಳಗೆ ಯಶವಂತಪುರ ಮುಟ್ಟಬೇಕು.”

“ಆಯ್ತು ಬಿಡಿ. ಮೊದಲು ಚಕ್ರಕ್ಕೆ ಕಲ್ಲು ಕೊಡ್ಸಿ.”

ಆ ಕಲ್ಲಿನ ಮಾತಿನಲ್ಲೇ ಅವನ ವಿದ್ಯೆ ತಿಳಿಯುತ್ತದೆ. ದೊಡ್ಡ ಲಾರಿಯ ಹಿಂಬದಿಯ ಬ್ರೇಕನ್ನು ಬಿಗಿಹಿಡಿಯುವುದು ಒಂದು ಗಟ್ಟಿ ಸ್ಪ್ರಿಂಗು. ಅದನ್ನು ಒತ್ತಿ ಹಿಡಿದು ಚಕ್ರ ಬಿಡಿಸುವುದು ಗಾಳಿ. ಪೈಪು ಒಡೆದು ಗಾಳಿ ಸೋರಿದರೆ ಬ್ರೇಕು ತಾನಾಗಿಯೇ ಬಿಗಿದುಕೊಂಡು ಗಾಡಿ ನಿಲ್ಲುತ್ತದೆ. ಮೇಸ್ತ್ರಿ ಗಾಡಿಯಡಿ ನುಸುಳಿ, ಚೇಂಬರಿನ ಹಿಂದಿನ ಬೋಲ್ಟನ್ನು ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆಳೆದರೆ ಚಕ್ರ ಬಿಡುತ್ತದೆ. ಆಗ ಕಲ್ಲು ಇಲ್ಲದಿದ್ದರೆ ಇಳಿಜಾರಿನಲ್ಲಿ ಅಷ್ಟೂ ಭಾರ ಅವನ ಮೇಲೆಯೇ ಉರುಳೀತು. ಹುಡುಗ ಮೊಬೈಲ್ ದೀಪ ಹಿಡಿಯುತ್ತಾನೆ. ಕೈಯಳತೆಯ ದೂರದಲ್ಲಿ ಬಸ್ಸುಗಳು ಗಾಳಿ ಸೀಳುತ್ತ ಹೋಗುತ್ತವೆ; ಪ್ರತಿ ಸಲವೂ ನಿಂತ ಲಾರಿ ಮೈ ನಡುಗಿಸುತ್ತದೆ. ಅಡಿಯಲ್ಲಿ ಅಂಗಾತ ಮಲಗಿದವನು ಪಾನಾ ಬಿಡುವುದಿಲ್ಲ.

ಈ ವಿದ್ಯೆಗೆ ಈಚೆಗೆ ಒಂದು ಎಲ್ಲೆ ಬಿದ್ದಿದೆ. 2020ರ ಏಪ್ರಿಲ್ 1ರಿಂದ ಬಂದ, ಬಿಎಸ್-6 ಹೊಗೆ ನಿಯಮದ ಗಾಡಿಗಳ ತುಂಬ ಸೆನ್ಸರುಗಳು. ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣದ ಬೇರೆ ಟ್ಯಾಂಕು ಇರುತ್ತದೆ. ಅದು ಖಾಲಿಯಾದರೆ, ಕಲಬೆರಕೆಯಾದರೆ, ಸೆನ್ಸರಿನ ವೈರಿನಲ್ಲಿ ತೇವ ಸೇರಿದರೂ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಂಡು ಏರಿನಲ್ಲಿ ತೆವಳುತ್ತದೆ. ಕಿವಿಗೊಟ್ಟು ಎಂಜಿನ್ನಿನ ರೋಗ ಹೇಳುತ್ತಿದ್ದ ಮೇಸ್ತ್ರಿಗೆ ಇಲ್ಲಿ ಲ್ಯಾಪ್‌ಟಾಪ್ ಬೇಕು. ಲಾರಿ ತಯಾರಿಸುವ ದೊಡ್ಡ ಕಂಪನಿಗಳು ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ ನಡೆಸುತ್ತವೆ. ಅವರ ವ್ಯಾನು ಸ್ಕ್ಯಾನರ್ ಹೊತ್ತು ಬರುತ್ತದೆ. ಆದರೆ ವ್ಯಾನು ಹೊರಡುವುದು ಊರಿನ ವರ್ಕ್‌ಶಾಪಿನಿಂದ, ಮೇಸ್ತ್ರಿ ಹೊರಡುವುದು ಪಕ್ಕದ ಹಳ್ಳಿಯಿಂದ. ಕಾಯುವ ಹೊತ್ತಿನ ಅಂತರ ಅಲ್ಲಿದೆ.

ಆ ಹೊತ್ತಿನಲ್ಲಿ ಡ್ರೈವರ್ ಗಾಡಿ ಬಿಟ್ಟು ಕದಲುವಂತಿಲ್ಲ. ಟಾರ್ಪಾಲಿನ ಹಗ್ಗ ಕೊಯ್ಯುವವರು, ಟ್ಯಾಂಕಿನಿಂದ ಡೀಸೆಲ್ ಇಳಿಸುವವರು ಕತ್ತಲಲ್ಲೇ ಬರುತ್ತಾರೆ. ಡ್ರೈವರ್ ಗಾಡಿಯ ಪಕ್ಕದ ಪೆಟ್ಟಿಗೆಯಿಂದ ಸ್ಟೋವ್ ತೆಗೆದು ಅನ್ನಕ್ಕಿಡುತ್ತಾನೆ. ಓನರ್ ಫೋನು, ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನು, ಮಂಡಿಯವರ ಫೋನು. ಇ-ವೇ ಬಿಲ್ಲು ಬೇಕಾದ ಸಾಮಾನಾದರೆ ಆ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಇರುತ್ತದೆ. ಅದು ಮುಗಿಯುವ ಹೊತ್ತಿನ ಹಿಂದಿನ ಎಂಟು ಗಂಟೆ ಇಲ್ಲವೇ ಮುಂದಿನ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಬೇರೆ ಗಾಡಿಗೆ ಲೋಡ್ ಬದಲಿಸಿದರೆ ಹೊಸ ಗಾಡಿಯ ನಂಬರು ಏರಿಸಬೇಕು. ಟ್ರಿಪ್ಪಿನ ಬಾಟಾ ಮಾತ್ರ ಹಾಗೇ ಇರುತ್ತದೆ, ಒಂದು ದಿನ ನಿಂತರೂ ಎರಡು ದಿನ ನಿಂತರೂ. ಒಂದೆರಡು ಗಾಡಿಯ ಸಣ್ಣ ಓನರಿಗಂತೂ ನಿಂತ ದಿನವೆಂದರೆ ಸಾಲದ ಕಂತಿನ ಮೇಲೆ ಬಿದ್ದ ಪೆಟ್ಟು.

ನಿಂತ ಲಾರಿಯ ನೋವು ಅದರ ಡ್ರೈವರಿಗಷ್ಟೇ ಮುಗಿಯುವುದಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡರು. ಭದ್ರಾವತಿ ತಾಲ್ಲೂಕಿನ ಎಮ್ಮೇಹಟ್ಟಿಯವರು, ಸವದತ್ತಿ ಎಲ್ಲಮ್ಮನ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. ಆ ಊರನ್ನು ನೆನೆದರೆ, ಹೆದ್ದಾರಿಯ ಬದಿಯಲ್ಲಿ ಕತ್ತಲಲ್ಲಿ ನಿಂತ ಯಾವ ಗಾಡಿಯನ್ನೂ ಹಗುರವಾಗಿ ನೋಡಲಾಗುವುದಿಲ್ಲ. ಕೆಟ್ಟ ಗಾಡಿಯ ಹಿಂದೆ ಇಡಬೇಕಾದ ಕೆಂಪು ತ್ರಿಕೋನ ಎಷ್ಟೋ ಲಾರಿಗಳಲ್ಲಿ ಇರುವುದೇ ಇಲ್ಲ. ಲಕ್ಕಿ ಸೊಪ್ಪು, ಬೇವಿನ ಕೊಂಬೆ, ದಪ್ಪ ಕಲ್ಲುಗಳೇ ಎಚ್ಚರಿಕೆ. ರಿಪೇರಿ ಮುಗಿದು ಗಾಡಿ ಹೊರಟ ಮೇಲೂ ಆ ಕಲ್ಲುಗಳು ಅಲ್ಲೇ ಉಳಿದು, ಹಿಂದೆ ಬರುವ ಬೈಕಿನವನಿಗೆ ಮುಳುವಾಗುತ್ತವೆ.

ಕೈಮೀರಿದ್ದಕ್ಕೆ ಕ್ರೇನು ಬರುತ್ತದೆ. ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಿದರೆ ಗಸ್ತು ವಾಹನ, ಆಂಬುಲೆನ್ಸ್, ಕ್ರೇನು ಸಿಗಬೇಕೆಂಬುದು ವ್ಯವಸ್ಥೆ. ಎಳೆಯುವ ಮುನ್ನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲದಿದ್ದರೆ ಎಣ್ಣೆ ಹರಿಯದೆ ಗೇರ್‌ಬಾಕ್ಸು ಸುಟ್ಟುಹೋಗುತ್ತದೆ. ಅದನ್ನು ಬಿಚ್ಚಲು ಮತ್ತೆ ಕರೆಸುವುದು ಅದೇ ಮೇಸ್ತ್ರಿಯನ್ನು.

ಟೋಲ್ ಕಟ್ಟುವ ಪ್ರತಿಯೊಂದು ಲಾರಿಗೂ ಈ ರಸ್ತೆಯಲ್ಲಿ ಓಡುವ ಹಕ್ಕಿನಷ್ಟೇ, ಕೆಟ್ಟಾಗ ಸುರಕ್ಷಿತವಾಗಿ ನಿಲ್ಲುವ ಹಕ್ಕೂ ಇದೆ. ನಿಗದಿತ ದೂರಕ್ಕೊಂದು, ದೀಪವಿರುವ ಲಾರಿ ತಂಗುತಾಣ ಬೇಕು. ಗಾಡಿಯಡಿ ಮಲಗುವ ಮೇಸ್ತ್ರಿಗೆ ಹೊಳೆಯುವ ಜಾಕೆಟ್, ವಿಮೆ, ಹೊಸ ಗಾಡಿಗಳ ತರಬೇತಿ ಬೇಕು. 1033ರ ಪಟ್ಟಿಯಲ್ಲಿ ಅವನ ನಂಬರೂ ಇರಬೇಕು. ಹತ್ತಿರದ ಹಳ್ಳಿಯಿಂದ ಮೊದಲು ಬಂದು ಮುಟ್ಟುವವನು ಅವನೇ. ಎಷ್ಟು ಗಾಡಿ ಓಡಿದವು, ಎಷ್ಟು ಟೋಲ್ ಬಂತು ಎಂದು ಲೆಕ್ಕ ಇಡುವ ಹೆದ್ದಾರಿ, ನಿಂತ ಗಾಡಿಗೆ ಎಷ್ಟು ಹೊತ್ತಿಗೆ ನೆರವು ಮುಟ್ಟಿತು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.