ಸಿದ್ಧ ಕಟ್ಟನ್ನು ತಿದ್ದುವ ಮಿತವ್ಯಯದ ಮಾರ್ಗ

ವಿಲೆ ಪಾರ್ಲೆಯ ಪೂರ್ವ ಭಾಗದ ಹೋಟೆಲೊಂದರಲ್ಲಿ ಅಡಿಗೆಯವರಾಗಿರುವ ನಮ್ಮ ಹಳೆಯ ಸ್ನೇಹಿತರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಜೊತೆಯಲ್ಲಿ ಹನ್ನೆರಡು ವರ್ಷದ ಮಗ. ಅವನ ಕೈಯಲ್ಲಿ ರಬ್ಬರು ಬಿಗಿದ ಪೋಕೆಮಾನ್ ಎಲೆಗಳ ಕಟ್ಟು. “ಎರಡು ತಿಂಗಳ ಟ್ಯೂಷನ್ ಹಣವನ್ನು ಈ ಕಾಗದಕ್ಕೆ ಸುರಿದಿದ್ದಾನೆ. ಇದನ್ನು ಒಲೆಗೆ ಹಾಕಲೋ, ಇವನನ್ನು ಊರಿಗೆ ಕಳುಹಿಸಲೋ, ನೀವೇ ಹೇಳಿ ಸ್ವಾಮಿ” ಎಂದರು. ಹುಡುಗನು ತಲೆ ತಗ್ಗಿಸಿಕೊಂಡು, “ಆದರೂ ಒಂದು ಆಟವನ್ನೂ ಗೆದ್ದಿಲ್ಲ” ಎಂದನು. ತಂದೆಯ ಸಿಟ್ಟಿಗಿಂತ ಮಗನ ಈ ಮಾತೇ ನಮ್ಮ ಮನಸ್ಸಿಗೆ ಹೆಚ್ಚು ತಾಗಿತು.

ಎಲೆಯಾಟವೆಂದೊಡನೆ ಜೂಜೆಂದು ಬಗೆಯುವುದು ಸರಿಯಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಗಂಜೀಫಾ ಆಟಗಳಿಗೂ ಸ್ಥಾನವುಂಟು. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಪೋಕೆಮಾನ್ ಆಟವೂ ಲೆಕ್ಕಾಚಾರದ ಆಟವೇ. ಪ್ರತಿಯೊಬ್ಬನ ಕಟ್ಟಿನಲ್ಲಿ 60 ಎಲೆಗಳಿರಬೇಕು. ಮೂಲ ಶಕ್ತಿಯ ಎಲೆಗಳನ್ನುಳಿದು ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಕೂಡದು. ಆರಂಭದಲ್ಲಿ ಕೈಗೆ 7 ಎಲೆ. ಬಹುಮಾನವಾಗಿ ಬದಿಗಿಡುವುದು 6. ಎದುರಾಳಿಯ ಪ್ರಾಣಿಗಳನ್ನು ಸೋಲಿಸುತ್ತ ತನ್ನ ಬಹುಮಾನದ ಎಲೆಗಳನ್ನೆಲ್ಲ ಮೊದಲು ಎತ್ತಿಕೊಂಡವನು ಗೆದ್ದನು.

ಹಾಗಾದರೆ ಹಣ ಹೋದದ್ದೆಲ್ಲಿ? ಒಳಗೇನಿದೆಯೆಂದು ಕಾಣದ ಪೊಟ್ಟಣಗಳಲ್ಲಿ. ಬೇಕಾದ ಎಲೆ ಬಂದೀತೆಂಬ ಆಸೆಯಿಂದ ಹುಡುಗನು ಒಂದರ ಮೇಲೊಂದು ಪೊಟ್ಟಣ ಒಡೆದಿದ್ದನು. ಜೂಜು ಇರುವುದು ಆಟದಲ್ಲಲ್ಲ, ಪೊಟ್ಟಣದಲ್ಲಿ. ಬೇಕಾದ ಎಲೆಯನ್ನು ಹೆಸರು ಹೇಳಿ ಬಿಡಿಯಾಗಿ ಕೊಳ್ಳುವುದೇ ಮಿತವ್ಯಯದ ಮೊದಲ ಪಾಠ. ಸಾಂಬಾರಿಗೆ ನುಗ್ಗೆಕಾಯಿ ಬೇಕಾದರೆ ಬಾಯಿ ಕಟ್ಟಿದ ತರಕಾರಿ ಮೂಟೆಯನ್ನು ಯಾವ ಹೋಟೆಲಿನವನೂ ಕೊಳ್ಳುವುದಿಲ್ಲವಷ್ಟೆ.

ಅನಂತರ ನಾವು ಎಲೆಗಳನ್ನು ಮೇಜಿನ ಮೇಲೆ ಹರಡಿಸಿದೆವು. ಅಂಗಡಿಯಿಂದ ತಂದ ಸಿದ್ಧ ಕಟ್ಟಿಗೆ ಪೊಟ್ಟಣದ ಎಲೆಗಳನ್ನು ತುರುಕಿ, ಹತ್ತಾರು ಬಗೆಯ ಪ್ರಾಣಿಗಳು ಒಂದೊಂದೇ ಪ್ರತಿಯಲ್ಲಿ ನಿಂತಿದ್ದವು. ನಮ್ಮ ಮೊದಲ ಹೋಟೆಲಿನ ಫಲಕದ ನೆನಪಾಯಿತು. ಅದರಲ್ಲಿ ನಲವತ್ತೆರಡು ತಿಂಡಿಗಳ ಹೆಸರಿದ್ದವು. ಗಿರಾಕಿ ಕೇಳಿದಾಗ ಇರುತ್ತಿದ್ದುದು ಹತ್ತೋ ಹನ್ನೆರಡೋ. ಫಲಕವನ್ನು ಚಿಕ್ಕದು ಮಾಡಿದ ಮೇಲೆಯೇ ಗಲ್ಲಾ ತುಂಬಲಾರಂಭಿಸಿತು. ಕಟ್ಟಿನ ಲೆಕ್ಕವೂ ಹಾಗೆಯೇ. ಒಂದೇ ಪ್ರತಿಯಿರುವ ಎಲೆ ಮೊದಲ ಏಳರಲ್ಲಿ ಬರುವ ಸಂಭವ ನೂರಕ್ಕೆ ಸುಮಾರು 12. ನಾಲ್ಕು ಪ್ರತಿಯಿದ್ದರೆ ಒಂದಾದರೂ ಬರುವ ಸಂಭವ 40. ಆದುದರಿಂದ ಒಂದು ಮುಖ್ಯ ಪ್ರಾಣಿಯನ್ನು ಆರಿಸಿಕೊಂಡು, ಅದಕ್ಕೆ ನೆರವಾಗುವವನ್ನು ಹೆಚ್ಚಿಸಿ, ಮಿಕ್ಕವನ್ನು ತೆಗೆಯಬೇಕು. ಅದೇ ಸಿದ್ಧ ಕಟ್ಟನ್ನು ಇನ್ನೊಂದು ಕೊಂಡು ಎರಡನ್ನೂ ಸೇರಿಸಿ ಆರಿಸುವುದೂ ಕೆಲವೊಮ್ಮೆ ಅಗ್ಗದ ಉಪಾಯವೇ.

ಮೊದಲ ಕೈಯಲ್ಲಿ ಮೂಲ ಹಂತದ ಪ್ರಾಣಿಯೊಂದೂ ಇಲ್ಲದಿದ್ದರೆ ಕೈಯನ್ನು ತೋರಿಸಿ ಮತ್ತೆ ಕಲೆಸಬೇಕು. ಎದುರಾಳಿಗೆ ಒಂದೆಲೆ ಹೆಚ್ಚು ಸಿಗುತ್ತದೆ. ಕಟ್ಟಿನಲ್ಲಿ ಅಂತಹ ಪ್ರಾಣಿಗಳು 8 ಇದ್ದರೆ ಈ ಸಂಕಟ ನೂರಕ್ಕೆ ಸುಮಾರು 35 ಸಲ. 12 ಇದ್ದರೆ 19 ಸಲ. ಹುಡುಗನಲ್ಲಿದ್ದುದು ಎಂಟೇ. ಶಕ್ತಿಯ ಎಲೆಗಳು ಮಾತ್ರ ಹದಿನೆಂಟು! ಸರದಿಗೆ ಕೈಯಿಂದ ಹಚ್ಚಬಹುದಾದ ಶಕ್ತಿ ಒಂದೇ ಆಗಿರುವಾಗ ಇಷ್ಟು ಸೌದೆ ಒಟ್ಟಿ ಪ್ರಯೋಜನವೇನು? ಆರನ್ನು ತೆಗೆಸಿದೆವು.

ಖಾಲಿಯಾದ ಸ್ಥಳಕ್ಕೆ ಬೇಕಾದವು ಎಲೆ ತಂದುಕೊಡುವ ಎಲೆಗಳು. ‘ಪ್ರೊಫೆಸರ್ಸ್ ರಿಸರ್ಚ್’ ಕೈಯಲ್ಲಿರುವುದನ್ನು ಎಸೆದು ಹೊಸದಾಗಿ ಏಳನ್ನು ಕೊಡುತ್ತದೆ. ‘ಅಲ್ಟ್ರಾ ಬಾಲ್’ ಎರಡು ಎಲೆ ಎಸೆದವನಿಗೆ ಬೇಕಾದ ಪ್ರಾಣಿಯನ್ನು ಹುಡುಕಿಕೊಡುತ್ತದೆ. ಹೋಟೆಲಿನಲ್ಲಿ ಮಾಣಿಯಿದ್ದಂತೆ ಇವು. ಒಳಗೆಷ್ಟು ಪಕ್ವಾನ್ನವಿದ್ದರೂ ತಂದು ಬಡಿಸುವವನಿಲ್ಲದಿದ್ದರೆ ಗಿರಾಕಿ ಎದ್ದು ಹೋಗುವನು. ಇಂತಹ ಎಲೆಗಳ ಸಾದಾ ಮುದ್ರಣ ಅಗ್ಗ, ಹೊಳೆಯುವ ಚಿನ್ನದ ಬಣ್ಣದ್ದು ದುಬಾರಿ. ಆಟದಲ್ಲಿ ಎರಡರ ಬಲವೂ ಒಂದೇ. ತಟ್ಟೆ ಬೆಳ್ಳಿಯದಾದರೆ ಇಡ್ಲಿ ಮೃದುವಾಗುವುದೆ?

ಕೊಳ್ಳುವ ಮುನ್ನ ಒಂದು ಪರೀಕ್ಷೆ ಅವಶ್ಯ. ಬೇಕಾದ ಎಲೆಯ ಹೆಸರನ್ನು ಚೀಟಿಯಲ್ಲಿ ಬರೆದು, ಹಳೆಯ ಎಲೆಯೊಂದರ ಮೇಲಿಟ್ಟು ಮನೆಯಲ್ಲಿ ಹತ್ತು ಆಟ ಆಡಿ ನೋಡಬೇಕು. ಉಪಯೋಗವೆಂದು ಕಂಡ ಮೇಲೆ ಹಣ ಬಿಚ್ಚಬೇಕು. ಪಂದ್ಯಕ್ಕೆ ಹೋಗುವವರು ಎಲೆಯ ಕೆಳಗೆ ಎಡಮೂಲೆಯಲ್ಲಿರುವ ಅಕ್ಷರದ ಗುರುತನ್ನೂ ಗಮನಿಸತಕ್ಕದ್ದು. ಹಳೆಯ ಅಕ್ಷರಗಳು ಕಾಲಕ್ರಮದಲ್ಲಿ ಪ್ರಚಲಿತ ಪಂದ್ಯದಿಂದ ಹೊರಬೀಳುತ್ತವೆ. ಆದರೆ ಅದೇ ಎಲೆ ಹೊಸ ಅಕ್ಷರದೊಡನೆ ಮರುಮುದ್ರಿತವಾಗಿದ್ದರೆ ಹಳೆಯ ಪ್ರತಿಯೂ ಸಲ್ಲುತ್ತದೆ. ಬೀದಿಬದಿಯ ನಕಲಿ ಎಲೆಗಳಾದರೋ ಪಂದ್ಯದಲ್ಲಿ ಎಂದೂ ಸಲ್ಲವು.

ಪೊಟ್ಟಣಗಳಲ್ಲಿ ದೊರೆತಿದ್ದ ಹೊಳೆಯುವ ಎಲೆಗಳೆರಡನ್ನು ಹುಡುಗನು ಶಾಲೆಯ ಗೆಳೆಯರಿಗೆ ಕೊಟ್ಟು ಆರು ಉಪಯುಕ್ತ ಎಲೆಗಳನ್ನು ಪಡೆದನು. ಉಳಿದುದಕ್ಕೆ ತಗಲಿದ್ದು ಮೂರು ಪೊಟ್ಟಣಗಳ ಬೆಲೆಗಿಂತ ಕಡಿಮೆ. ಅದನ್ನೂ ತಂದೆಯಿಂದ ಸಾಲವಾಗಿ ಪಡೆದು, ಟ್ಯೂಷನ್ನಿನ ಹಣದೊಡನೆ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ವಾರದ ಕೈಖರ್ಚಿನಿಂದ ಅರ್ಧ ಮುರಿದು ತೀರಿಸಬೇಕೆಂಬುದು ಒಪ್ಪಂದ.

ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಆ ಹೋಟೆಲಿಗೆ ಹೋಗಿದ್ದೆವು. ಅಡಿಗೆಯ ಮನೆಯ ಹಿಂದೆ ಅಕ್ಕಿಮೂಟೆಯ ಮೇಲೆ ಎಲೆ ಹರಡಿಕೊಂಡು ತಂದೆ ಮಕ್ಕಳಿಬ್ಬರೂ ಕುಳಿತಿದ್ದರು. ಹುಡುಗನ ಮೊದಲ ಗೆಲುವು ತಂದೆಯ ಮೇಲೆಯೇ ಆಯಿತಂತೆ. “ಇವನಿಗೆ ಇಷ್ಟು ಲೆಕ್ಕ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಸ್ವಾಮಿ” ಎಂದರು ನಮ್ಮ ಸ್ನೇಹಿತರು. ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ನಮ್ಮವರು, ಮಕ್ಕಳ ಕೈಯಲ್ಲಿರುವುದನ್ನು ಒಲೆಗೆ ಹಾಕುವ ಮುನ್ನ ಒಂದು ಗಳಿಗೆ ಅವರೆದುರು ಕುಳಿತು ನೋಡಬೇಕೆಂಬುದೇ ನಮ್ಮ ಬಿನ್ನಹ.